ಎರಡು ಗಂಟೆಯವರೆಗೆ

ಆ ಊರಿನಲ್ಲಿ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಬೀದಿ ಪಂಪಿನ ಹಿಡಿಗೆ ಹಳೇ ಬಟ್ಟೆ ಸುತ್ತಿದ್ದಾರೆ. ಪಾತ್ರೆ ತೊಳೆಯುವ ಕಡೆ ಗೋಣಿಚೀಲ ಹಾಸಿದ್ದಾರೆ. ತರಕಾರಿ ಗಾಡಿಯವನು ಊರೊಳಗೆ ಕಾಲಿಟ್ಟದ್ದೇ ಬಾಯಿಗೆ ಬೀಗ ಹಾಕಿಕೊಂಡು, ಬಾಗಿಲು ಬಾಗಿಲಿಗೆ ಹೋಗಿ ಕೈಸನ್ನೆಯಲ್ಲೇ ಈರುಳ್ಳಿ ಮಾರಿ ಹೋಗುತ್ತಾನೆ. ಶಾಲೆಯಲ್ಲಿ ಬೆಳಿಗ್ಗೆಯೆಲ್ಲ ಬರೆಯುವ ಪಾಠ, ಮಗ್ಗಿ ಒಪ್ಪಿಸುವುದೇನಿದ್ದರೂ ಎರಡರ ಮೇಲೆ. ಇಲ್ಲಿಯ ನಾಯಿಗಳೂ ಗಡಿಯಾರ ನೋಡಿಕೊಂಡೇ ಬೊಗಳುತ್ತವೆ ಎಂದು ಪಕ್ಕದ ಊರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಅವರಿಗೆ ಕೆಲಸವೇನಿದೆ.

ಊರಿಗೆಲ್ಲ ಇರುವುದು ಒಂದೇ ಅನ್ನದ ದಾರಿ, ಗಾಜಿನ ಕಾರ್ಖಾನೆ. ಬಾಟಲಿ ಮಾಡುತ್ತಾರೆ. ಗಾಜಿನ ಕುಲುಮೆ ಒಮ್ಮೆ ಹೊತ್ತಿಸಿದರೆ ಆರಿಸುವ ಹಾಗಿಲ್ಲ, ಆದ್ದರಿಂದ ಮೊದಲಿನಿಂದಲೂ ಮೂರು ಪಾಳಿ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ. ರಾತ್ರಿಯೆಲ್ಲ ಬೆಂಕಿಯ ಮುಂದೆ ಬೆಂದು ಬಂದವರು ಬೆಳಿಗ್ಗೆ ಏಳಕ್ಕೆ ಮಲಗಿದರೆ, ಎರಡು ಗಂಟೆಯ ಸೈರನ್ನಿಗೆ ಏಳುತ್ತಿದ್ದರು. ಕಾರ್ಖಾನೆಯವರು ಕಟ್ಟಿಸಿಕೊಟ್ಟ ನೂರ ಇಪ್ಪತ್ತೆಂಟು ಮನೆಗಳೂ ಒಂದೇ ಅಚ್ಚಿನವು: ಮುಂದಿನ ಕೋಣೆ, ಅಡುಗೆಮನೆ, ಹಿಂದಿನ ಕೋಣೆ. ರಾತ್ರಿ ಪಾಳಿಯವರ ಮನೆಯಾದರೆ ಹಿಂದಿನ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ. "ಶ್, ರಾತ್ರಿ ಪಾಳಿಯವರು ಮಲಗಿದ್ದಾರೆ." ಅಲ್ಲಿಯ ಮಕ್ಕಳು ಅಮ್ಮ ಅನ್ನುವುದನ್ನು ಕಲಿಯುವ ಮೊದಲೇ ಈ ಮಾತನ್ನು ಕೇಳಿಸಿಕೊಂಡಿರುತ್ತಾರೆ.

ರಾತ್ರಿ ಪಾಳಿಯವರು ಸತ್ತು ಇಪ್ಪತ್ತೆರಡು ವರ್ಷವಾಯಿತು.

ಕುಲುಮೆಯ ಗೋಡೆ ಒಡೆದು ಕರಗಿದ ಗಾಜು ಹರಿದ ಆ ರಾತ್ರಿ ಮೂವತ್ತೊಂದು ಜನ ಹೋದರು. ಅಂದಿನಿಂದ ರಾತ್ರಿ ಪಾಳಿ ಇಲ್ಲ. ಉರಿ ತಗ್ಗಿಸಿ ಇಟ್ಟು, ಹೊರಗಿನಿಂದ ಬರುವ ಇಬ್ಬರು ಕಾಯುತ್ತಾರೆ, ಅಷ್ಟೆ. ಸುದ್ದಿ ಊರಿಗೆ ತಲುಪಿದಾಗ ಬೆಳಿಗ್ಗೆ ಏಳು ಹೊಡೆದಿತ್ತು. ಹೆಂಗಸರು ಬೀದಿಗೆ ಬಂದರು, ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತರು. ಬೆಳಗಿನ ಹೊತ್ತಲ್ಲವೇ, ಅಭ್ಯಾಸ. ಇನ್ನು ಎಚ್ಚರವಾಗುವುದಕ್ಕೆ ಒಳಗೆ ಯಾರೂ ಇಲ್ಲ ಎಂದು ಅವತ್ತು ಒಬ್ಬರಿಗೂ ಹೊಳೆಯಲಿಲ್ಲ. ಮರುದಿನ ಹೊಳೆಯಿತು, ಆದರೆ ಬಾಯಿ ಬಿಡುವ ಧೈರ್ಯ ಯಾರಿಗೂ ಬರಲಿಲ್ಲ, ಆಮೇಲೆ ಹಾಗೇ ನಡೆದುಕೊಂಡು ಬಂತು.

ಅದನ್ನು ನಡೆಸಿಕೊಂಡು ಬಂದವಳು ಎಂದರೆ ಎಣ್ಣೆ ಅಜ್ಜಿ. ಅಜ್ಜಿ ಎಂದರೆ ಮುದುಕಿಯೇನಲ್ಲ, ಐವತ್ತೇಳು. ವಾರಕ್ಕೊಮ್ಮೆ ಮೂತಿ ಉದ್ದದ ಎಣ್ಣೆ ಡಬ್ಬಿ ಹಿಡಿದು ಮನೆಮನೆಗೆ ಹೋಗಿ, ಕದದ ತಿರುಗಣಿಗೆ, ಚಿಲಕಕ್ಕೆ, ಮಕ್ಕಳ ಸೈಕಲ್ಲಿಗೆ ಎಣ್ಣೆ ಬಿಟ್ಟು ಬರುತ್ತಾಳೆ. ಬಾಗಿಲು ಕಿರ್ ಅಂದರೆ ಆ ಮನೆಯ ಸೊಸೆಗೆ ಗ್ರಹಚಾರ. ಬಯ್ಯುವುದೂ ಪಿಸುಮಾತಿನಲ್ಲೇ, ಆದರೆ ಅವಳ ಪಿಸುಮಾತಿಗೆ ಹೆದರದ ಗಂಡಸು ಆ ಊರಿನಲ್ಲಿ ಹುಟ್ಟಿರಲಿಲ್ಲ.

ಅವಳ ಗಂಡ ರಾತ್ರಿ ಪಾಳಿಯ ಮೇಸ್ತ್ರಿ. ಗಂಟೆಗೊಮ್ಮೆ ಕುಲುಮೆಯ ಸುತ್ತ ನಡೆದು, ಗೋಡೆ ಎಲ್ಲಾದರೂ ಕೆಂಪಗಾಗಿದೆಯೇ ಎಂದು ನೋಡುವುದು ಅವನ ಕೆಲಸ. ಮೂವತ್ತೆಂಟಕ್ಕೇ ಹೋದ. ಅವನ ವಯಸ್ಸು ಅಲ್ಲೇ ನಿಂತಿತು, ಇವಳು ಈಗ ಅವನಿಗಿಂತ ಹತ್ತೊಂಬತ್ತು ವರ್ಷ ದೊಡ್ಡವಳು. ಕೆಲವೊಮ್ಮೆ ಕನ್ನಡಿ ನೋಡಿಕೊಂಡು, "ಎದ್ದು ಬಂದರೆ ನನ್ನನ್ನ ಅತ್ತೆ ಅಂದುಕೋತಾರೇನೋ" ಎಂದು ನಗುತ್ತಾಳೆ. ಅವಳಿಗೆ ಹುಚ್ಚೇನೂ ಇರಲಿಲ್ಲ. ಗಂಡ ಸತ್ತದ್ದು ಗೊತ್ತು. ಆದರೂ ದಿನಾ ಬೆಳಿಗ್ಗೆ ಏಳಕ್ಕೆ ಹಿಂದಿನ ಕೋಣೆಯ ಹಾಸಿಗೆ ಸರಿಮಾಡಿ ಬಾಗಿಲು ಎಳೆದುಕೊಳ್ಳುತ್ತಾಳೆ, ಎರಡಕ್ಕೆ ತೆಗೆದರೆ ಹಾಸಿಗೆ ಮುದುಡಿರುತ್ತದೆ, ದಿಂಬು ಒಂದು ಕಡೆ ತಗ್ಗಾಗಿರುತ್ತದೆ. ಉಳಿದ ಮೂವತ್ತು ಮನೆಗಳಲ್ಲೂ ಹಾಗೇ ಎಂದು ಅವಳಿಗೆ ಗೊತ್ತಿತ್ತು. ಯಾರೂ ಯಾರ ಹತ್ತಿರವೂ ಅದನ್ನು ಎತ್ತುತ್ತಿರಲಿಲ್ಲ.

ಇನ್ನೊಂದು ವಿಷಯ ಅವಳೊಬ್ಬಳಿಗೇ ಗೊತ್ತಿತ್ತು. ಆ ರಾತ್ರಿಯ ಹಿಂದಿನ ಬೆಳಿಗ್ಗೆ ಒಂಬತ್ತೂವರೆಗೆ, ಹತ್ತು ವರ್ಷದ ಮಗ ಪಾತ್ರೆ ಹಾಲನ್ನು ನೆಲಕ್ಕೆ ಚೆಲ್ಲಿದ. ಅವಳಿಗೆ ತಲೆ ಕೆಟ್ಟು, ಮೈಮೇಲೆ ಪ್ರಜ್ಞೆ ಇಲ್ಲದವಳ ಹಾಗೆ ಕಿರುಚಿದಳು. ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಗಂಡ ಕಣ್ಣುಜ್ಜಿಕೊಂಡು ಬಂದು ನಿಂತ. "ಎಬ್ಬಿಸಿಬಿಟ್ಟೆಯಲ್ಲೇ" ಎಂದು ನಕ್ಕ, ಬಯ್ಯಲಿಲ್ಲ. ಮತ್ತೆ ಮಲಗಿದರೆ ನಿದ್ದೆ ಹತ್ತಲಿಲ್ಲ. ಕುಂಟುತ್ತಿದ್ದ ಕುರ್ಚಿಗೆ ಮೊಳೆ ಹೊಡೆದ, ಮಗನಿಗೆ ಲೆಕ್ಕ ಹೇಳಿಕೊಟ್ಟ, ಹೊತ್ತಾದಾಗ ಆಕಳಿಸುತ್ತಲೇ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟ. ಇವತ್ತೊಂದು ದಿನ ಹೋಗಬೇಡಿ ಎನ್ನುವ ಮಾತು ಅವಳ ತುದಿನಾಲಿಗೆಯವರೆಗೆ ಬಂದಿತ್ತು. ಎಬ್ಬಿಸಿದವಳೂ ನಾನೇ, ಈಗ ಉಪದೇಶ ಬೇರೆ ಯಾಕೆ ಎಂದು ನುಂಗಿಕೊಂಡಳು. ವಿಚಾರಣೆ ನಡೆಸಿದವರು ಬರೆದ ಉದ್ದದ ವರದಿಯಲ್ಲಿ ಒಂದು ಸಾಲಿತ್ತು: ಮೇಸ್ತ್ರಿ ರಾತ್ರಿ ಮೂರು ಗಂಟೆಯ ಸುತ್ತು ಹಾಕಿದ ಗುರುತು ಇಲ್ಲ. ಎಲ್ಲರೂ ಓದಿದರು, ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಅವಳು ಮಾತ್ರ ಇಪ್ಪತ್ತೆರಡು ವರ್ಷ ಆ ಸಾಲನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಊರಿನ ಬಾಗಿಲುಗಳಿಗೆ ಎಣ್ಣೆ ಬಿಟ್ಟಳು.

ಹೀಗಿರುವ ಊರಿಗೆ ಒಂದು ಬೆಳಿಗ್ಗೆ ಜನಗಣತಿಯವಳು ಬಂದಳು.

ಪಟ್ಟಣದ ಶಾಲೆಯ ಟೀಚರು. ದಿನಾ ಐವತ್ತು ಮಕ್ಕಳ ಗಲಾಟೆಯ ಮೇಲೆ ಕೂಗಿ ಕೂಗಿ ಗಂಟಲು ಪಳಗಿತ್ತು. ಗಣತಿಗೆಂದು ಎಲ್ಲ ಕಡೆ ಟೀಚರುಗಳನ್ನು ಎಳೆದುಕೊಂಡಿದ್ದರಿಂದ ಊರಿನ ಶಾಲೆಗೂ ರಜೆ. ಪ್ರತಿ ಮನೆಯ ಒಳಹೊರಗು ಗೊತ್ತಿರುವವಳು ಬೇಕೆಂದು ಎಣ್ಣೆ ಅಜ್ಜಿಯನ್ನು ಜೊತೆಗೆ ಕೊಟ್ಟಿದ್ದರು. ಮಗ, ಸೊಸೆ ಇಬ್ಬರೂ ಬೆಳಗಿನ ಪಾಳಿ. ಆರು ವರ್ಷದ ಮೊಮ್ಮಗಳನ್ನು ಅಜ್ಜಿ ಬಾಗಿಲ ಮೆಟ್ಟಿಲ ಮೇಲೆ ಸ್ಲೇಟು ಕೊಟ್ಟು ಕೂರಿಸಿದಳು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಗುಬ್ಬಿ ಎಂದು. ಹೆಸರಿಗೆ ಗುಬ್ಬಿ, ಚಿಂವ್ ಅನ್ನುವುದು ಎರಡು ಗಂಟೆಯ ಮೇಲೆ.

"ಇಲ್ಲಿಂದ ಏಳಬಾರದು. ಯಾರು ಕರೆದರೂ?" ಎಂದಳು ಅಜ್ಜಿ, ಬೆರಳೆತ್ತಿ.

"ಓಗೊಡಬಾರದು."

"ಎಲ್ಲಿತನಕ?"

"ಸೈರನ್ ಆಗೋತನಕ" ಎಂದು ಗುಬ್ಬಿ ತುಟಿಯಲ್ಲೇ ಹೇಳಿತು. ಜಾಣೆ ಎಂದು ಅಜ್ಜಿ ಕೆನ್ನೆ ಹಿಂಡಿ ಹೊರಟಳು.

ಮೊದಲನೇ ಮನೆಯಲ್ಲೇ ಗಣತಿಯವಳು, "ಮನೆ ಯಜಮಾನರ ಹೆಸರೇನಮ್ಮಾ" ಎಂದು ಬೀದಿಗೆಲ್ಲ ಕೇಳುವ ಹಾಗೆ ಶುರು ಮಾಡಿದಳು. ಎದುರಿನ ಮೂರು ಬಾಗಿಲು ಒಟ್ಟಿಗೇ ತೆರೆದವು. ಮೂರರಲ್ಲೂ ಒಬ್ಬೊಬ್ಬ ಹೆಂಗಸು, ತುಟಿಯ ಮೇಲೆ ಬೆರಳು.

"ಯಾಕೆ, ಯಾರಿಗಾದ್ರೂ ಹುಷಾರಿಲ್ವಾ?"

"ಮಲಗಿದ್ದಾರೆ" ಎಂದಳು ಅಜ್ಜಿ. "ಮೆತ್ತಗೆ ಕೇಳಿ, ಎಲ್ಲಾ ಹೇಳ್ತಾರೆ."

ಪಾಪ, ಅವಳು ಕಷ್ಟಪಟ್ಟು ದನಿ ತಗ್ಗಿಸಿದಳು. ಎಷ್ಟು ಜನ, ಎಷ್ಟು ವಯಸ್ಸು, ಏನು ಕೆಲಸ. ಉತ್ತರಗಳೆಲ್ಲ ಒಂದೇ ತರಹ. ಕುಲುಮೆ, ಅಚ್ಚು, ಬಾಟಲಿ ಆರಿಸುವುದು, ಪ್ಯಾಕಿಂಗ್. ಸತ್ತವರನ್ನು ಯಾರೂ ಲೆಕ್ಕಕ್ಕೆ ಸೇರಿಸಲಿಲ್ಲ, ಅಷ್ಟು ದಡ್ಡರಲ್ಲ ಅವರು. ಗಂಟು ಬಿದ್ದದ್ದು ಬೇರೆ ಕಡೆ. ವಾಸಕ್ಕೆ ಎಷ್ಟು ಕೋಣೆ ಎಂದು ಕೇಳಿದರೆ ಕೆಲವರು ಮೂರು ಎಂದರು, ಕೆಲವರು ಎರಡು.

"ಎಲ್ಲಾ ಮನೆ ಒಂದೇ ತರ ಇದೆಯಲ್ಲಮ್ಮ. ಹಿಂದೆ ಇನ್ನೊಂದು ಕಾಣ್ತಿದೆ, ಬಾಗಿಲು ಹಾಕಿದ್ದು."

"ಅದು ನಮ್ಮದಲ್ಲ" ಎಂದಳು ಆ ಮನೆಯವಳು.

"ಮತ್ತೆ ಯಾರದು?"

ಅವಳು ಅಜ್ಜಿಯ ಮುಖ ನೋಡಿದಳು. ಅಜ್ಜಿ, "ಎರಡು ಅಂತ ಬರ್ಕೊಳ್ಳಿ ಮೇಡಂ, ಬಿಸಿಲೇರ್ತಾ ಇದೆ" ಎಂದು ಮುಂದಕ್ಕೆ ಕರೆದುಕೊಂಡು ಹೋದಳು.

ಹನ್ನೊಂದರ ಹೊತ್ತಿಗೆ ಗಣತಿಯವಳು ಒಂದು ಕಟ್ಟೆಯ ಮೇಲೆ ಕೂತು ಹಾಳೆ ಮಗುಚಿದಳು. "ಐವತ್ತು ದಾಟಿದ ಹೆಂಗಸರು ನಲವತ್ತಾರು. ಗಂಡಸರು ಒಂಬತ್ತೇ ಒಂಬತ್ತು. ಏನಜ್ಜಿ, ಈ ಊರಿನ ಗಂಡಸರನ್ನೆಲ್ಲ ಏನು ಮಾಡಿದ್ರಿ?" ಎಂದು ನಕ್ಕಳು.

"ಸುಟ್ಟುಹೋದರು" ಎಂದಳು ಅಜ್ಜಿ.

ಗಣತಿಯವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಹಾಳೆ ಮಡಚಿಕೊಂಡು ಅಜ್ಜಿಯ ಮನೆಯವರೆಗೆ ಅವಳ ಹಿಂದೆಯೇ ನಡೆದಳು.

ಮೆಟ್ಟಿಲ ಮೇಲೆ ಸ್ಲೇಟಿತ್ತು. ಗುಬ್ಬಿ ಇರಲಿಲ್ಲ.

ಅಜ್ಜಿ ಒಳಗೆ ನೋಡಿದಳು, ಬಚ್ಚಲು ನೋಡಿದಳು, ಮಂಚದ ಕೆಳಗೆ ನೋಡಿದಳು. ಪಕ್ಕದವಳನ್ನು ಕೇಳಿದಳು. ಅವಳು ನೋಡಿಲ್ಲ, ಅವಳಾಚೆಯವಳೂ ನೋಡಿಲ್ಲ. ಕಾಲು ಗಂಟೆಯೊಳಗೆ ಇಡೀ ಬೀದಿಯ ಹೆಂಗಸರು, ಮಧ್ಯಾಹ್ನದ ಪಾಳಿಗೆ ಹೋಗಬೇಕಿದ್ದ ಗಂಡಸರು ಎಲ್ಲ ಹುಡುಕತೊಡಗಿದರು. ಕಸದ ತೊಟ್ಟಿ ಬಗ್ಗಿ ನೋಡಿದರು, ನೀರಿನ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿದರು, ಒಬ್ಬರಿಗೊಬ್ಬರು ಕೈಯಾಡಿಸಿ ಇಲ್ಲ ಎಂದರು. ಐವತ್ತು ಜನ ಓಡಾಡುತ್ತಿದ್ದರೂ ಚಪ್ಪಲಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಗಣತಿಯವಳು ಬೀದಿಯ ನಡುವೆ ನಿಂತು ನೋಡಿದಳು.

"ಏನ್ರೀ ನೀವು, ಮಗು ಕಳೆದುಹೋಗಿದೆ, ಒಬ್ಬರಾದ್ರೂ ಹೆಸರು ಹಿಡಿದು ಕೂಗಬಾರದಾ?"

ಎಲ್ಲರೂ ತಲೆ ತಗ್ಗಿಸಿಕೊಂಡು ಹುಡುಕುತ್ತಲೇ ಇದ್ದರು.

ಕಾರ್ಖಾನೆಯ ಮರಳಿನ ಅಂಗಳದ ತಂತಿಬೇಲಿಯ ಹತ್ತಿರ ಗುಬ್ಬಿಯ ಒಂದು ಚಪ್ಪಲಿ ಸಿಕ್ಕಿತು. ಗಾಜಿಗೆ ಬೇಕಾದ ಬಿಳಿ ಮರಳನ್ನು ರಾಶಿ ಹಾಕುವ ಜಾಗ ಅದು. ಎರಡಾಳೆತ್ತರದ ಹದಿನೈದು ರಾಶಿಗಳು. ಬುಡದಲ್ಲಿ ಕೆತ್ತಿ ತೆಗೆದ ಕಡೆ ಗುಹೆಯ ಹಾಗೆ ಆಗಿರುತ್ತದೆ, ಕೈ ತಾಗಿದರೆ ಸಾಕು ಮೇಲಿನದೆಲ್ಲ ಕುಸಿಯುತ್ತದೆ. ಮಕ್ಕಳನ್ನು ಆ ಕಡೆ ಸುಳಿಯಲೂ ಬಿಡುತ್ತಿರಲಿಲ್ಲ. ಹನ್ನೆರಡಕ್ಕೆ ಮರಳಿನ ಲಾರಿ ಬರುತ್ತದೆ, ಹಿಂದಕ್ಕೆ ಬಂದು ಯಾವುದಾದರೊಂದು ರಾಶಿಯ ಮೇಲೆ ಹೊಸ ಮರಳು ಸುರಿದು ಹೋಗುತ್ತದೆ. ಹಾರ್ನ್ ಹೊಡೆಯುವುದಿಲ್ಲ. ಹೊಡೆಯಬಾರದು ಎಂದು ಡ್ರೈವರನಿಂದ ಆಣೆ ಮಾಡಿಸಿಕೊಂಡಿದ್ದವಳು ಎಣ್ಣೆ ಅಜ್ಜಿಯೇ. ಗಂಟೆ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಲಾರಿಯನ್ನು ತಡೆಯಲು ಒಬ್ಬನನ್ನು ಗೇಟಿಗೆ ಓಡಿಸಿದರು. ಮರಳಿನ ಮೇಲೆ ಹೆಜ್ಜೆಗುರುತು ಒಂದೂ ಇರಲಿಲ್ಲ, ಗಾಳಿ ಒರೆಸಿಹಾಕಿತ್ತು.

ಗಣತಿಯವಳು ಇನ್ನು ತಡೆಯಲಿಲ್ಲ. ಬಾಯಿಗೆ ಕೈಯಿಟ್ಟು, "ಗುಬ್ಬೀ" ಎಂದು ಎದೆಯಿಂದ ಕೂಗಿದಳು. ಹೆಂಗಸರು ಹೊಡೆತ ಬಿದ್ದವರಂತೆ ಹಿಂದೆ ಸರಿದರು. ಅವಳು ಇನ್ನೊಮ್ಮೆ ಕೂಗಿದಳು, ಮತ್ತೊಮ್ಮೆ ಕೂಗಿದಳು. ಒಂದು ರಾಶಿಯ ತುದಿಯಿಂದ ಸ್ವಲ್ಪ ಮರಳು ಜಾರಿತು, ಅಷ್ಟೆ.

"ಇಲ್ಲಿಲ್ಲ ಅನ್ಸುತ್ತೆ. ಇದ್ದಿದ್ರೆ ಇಷ್ಟು ಹೊತ್ತಿಗೆ ಓಗೊಡ್ತಿತ್ತು" ಎಂದಳು ಗಣತಿಯವಳು.

"ಇಲ್ಲೇ ಇದೆ" ಎಂದಳು ಅಜ್ಜಿ. "ಕೇಳಿಸ್ಕೋತಾ ಇದೆ. ಓಗೊಡಲ್ಲ."

ಓಗೊಡಬಾರದು ಎಂದು ಕಲಿಸಿದವಳು ಅವಳೇ. ಯಾರು ಕರೆದರೂ, ಬಿದ್ದರೂ, ಪೆಟ್ಟಾದರೂ, ಎರಡು ಗಂಟೆಯವರೆಗೆ. ಮಗು ಎಲ್ಲೋ ಮರಳಿನಲ್ಲಿ ಹೂತು, ತುಟಿ ಬಿಗಿಹಿಡಿದು ಸೈರನ್ನಿಗೆ ಕಾಯುತ್ತಿದೆ. ಗುರುತಿಲ್ಲದ ಹೆಂಗಸು ನೂರು ಸಲ ಕೂಗಿದರೂ ಅದು ಬಾಯಿ ಬಿಡುವುದಿಲ್ಲ. ಅಜ್ಜಿಯೇ ಕೂಗಿದರೆ, ಅದೂ ಗಂಟಲು ಹರಿಯುವ ಹಾಗೆ ಕೂಗಿದರೆ ಮಾತ್ರ, ಇನ್ನು ಮಾತಾಡಬಹುದು ಎಂದು ಅದಕ್ಕೆ ಗೊತ್ತಾಗುತ್ತದೆ. ಹದಿನೈದು ರಾಶಿಗಳನ್ನು ಕೈಯಲ್ಲಿ ತೋಡುತ್ತ ಹೋಗುವಷ್ಟು ಹೊತ್ತು ಯಾರ ಹತ್ತಿರವೂ ಇರಲಿಲ್ಲ.

ಅವಳು ಬಾಯಿ ತೆರೆದಳು. ದನಿ ಬರಲಿಲ್ಲ. ಬೇಲಿಯ ಹಿಂದೆ ಅವಳ ಬೀದಿ, ಮೂವತ್ತೊಂದು ಕಪ್ಪು ಕಿಟಕಿಗಳು. ನಾನು ಬೆಳಿಗ್ಗೆ ಕೂಗಿದ್ದು ಒಂದೇ ಸಲ, ಆ ಒಂದು ಸಲಕ್ಕೆ ಆದದ್ದು ಸಾಲದೇ ಎಂದು ಅವಳ ಜೀವ ಹಿಂಡಿತು. ಎದ್ದರೆ ಅವರು ಮತ್ತೆ ಮಲಗುವುದಿಲ್ಲ, ಆ ನಿದ್ದೆಗೆಟ್ಟ ಕಣ್ಣಿನಲ್ಲೇ ಹೊರಡುತ್ತಾರೆ. ಇಪ್ಪತ್ತೆರಡು ವರ್ಷ ಕಾದ ನಿದ್ದೆ. ಅವಳು ಬೇಲಿಯ ಕಂಬ ಹಿಡಿದುಕೊಂಡಳು. ಇನ್ನೊಂದು ರಾಶಿಯಿಂದ ಮರಳು ಸರ್ರನೆ ಜಾರಿದ್ದು ಕೇಳಿಸಿತು.

"ಗುಬ್ಬೀ."

ಅದು ಕೂಗೇ ಅಲ್ಲ. ಅಷ್ಟು ವರ್ಷ ಒಳಗೆ ಕೊಳೆತದ್ದೆಲ್ಲ ಒಟ್ಟಿಗೆ ಹೊರಗೆ ಬಂದ ಹಾಗಿತ್ತು. ಕಾರ್ಖಾನೆಯ ಗೋಡೆಗೆ ಬಡಿದು ತಿರುಗಿ ಬಂತು. ಅವಳು ನಿಲ್ಲಿಸಲಿಲ್ಲ. "ಗುಬ್ಬೀ, ನಾನು ಕಣೇ, ಅಜ್ಜಿ. ಎಲ್ಲಿದ್ದೀಯೇ, ಮಾತಾಡೇ."

ಎಲ್ಲರೂ ಮೈಯೆಲ್ಲ ಕಿವಿಯಾಗಿ ನಿಂತರು. ನಾಲ್ಕನೇ ರಾಶಿಯ ಆಚೆಯಿಂದ ಸಣ್ಣ ದನಿ ಬಂತು, ಉಸಿರು ಸಾಲದ ದನಿ.

"ಅಜ್ಜೀ, ಎರಡು ಗಂಟೆ ಆಯ್ತಾ?"

"ಆಯ್ತು ಮಗಳೇ, ಆಯ್ತು. ಕೂಗು, ಗಟ್ಟಿಯಾಗಿ ಕೂಗು, ಊರೆಲ್ಲ ಏಳಲಿ."

ಗುಬ್ಬಿ ಕೂಗಿತು. ಆ ದನಿ ಹಿಡಿದು ಓಡಿದರು. ಕೆತ್ತಿದ ಗುಹೆಯೊಳಗೆ ಕುತ್ತಿಗೆಯವರೆಗೆ ಮರಳು, ಮೇಲೆ ತಲೆಯೊಂದೇ. ಗಂಡಸರು ಹಲಗೆ ಅಡ್ಡ ಕೊಟ್ಟು ಮೇಲಿನದನ್ನು ತಡೆದರು, ಹೆಂಗಸರು ಕೈಯಲ್ಲಿ ಬಾಚಿ ಬಾಚಿ ತೆಗೆದರು. ಉಗುರು ಕಿತ್ತು ರಕ್ತ ಬಂದದ್ದು ಆಮೇಲೆ ಗೊತ್ತಾಯಿತು. ಎಳೆದು ತೆಗೆದು ಎರಡು ನಿಮಿಷವೂ ಆಗಿರಲಿಲ್ಲ, ರಾಶಿ ಪೂರ್ತಿ ಕುಸಿದು ಗುಹೆ ಮುಚ್ಚಿಹೋಯಿತು. ಅಜ್ಜಿ ಮಗುವನ್ನು ಎದೆಗೆ ಅವಚಿಕೊಂಡು ಅಲ್ಲೇ ಕೂತು ಗೋಳೋ ಎಂದು ಅತ್ತಳು. ಅವಳನ್ನು ನೋಡಿ ಪಕ್ಕದವಳು ಅತ್ತಳು. ಆಮೇಲೆ ಯಾರನ್ನೂ ಹಿಡಿಯುವ ಹಾಗಿರಲಿಲ್ಲ, ಅಷ್ಟೂ ವಿಧವೆಯರು ಮಟಮಟ ಮಧ್ಯಾಹ್ನ ಬಾಯಿಬಿಟ್ಟು ಅತ್ತರು.

ಅಳು ಸ್ವಲ್ಪ ತಗ್ಗಿದಾಗ, ಬೀದಿಯ ಕಡೆಯಿಂದ ಸದ್ದು ಕೇಳಿಸಿತು.

ಒಬ್ಬರು ಕೆಮ್ಮಿದ ಸದ್ದು. ಇನ್ನೊಂದು ಮನೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಮಂಚ ಕಿರುಗುಟ್ಟಿತು, ಆಮೇಲೆ ಅದರಾಚೆಯ ಮನೆಯಲ್ಲೂ. ನಿದ್ದೆಯಿಂದ ಎದ್ದ ಗಂಡಸರು ಕಾಲು ಕೆಳಗಿಟ್ಟು ಆಕಳಿಸುವ ಸದ್ದು, ಒಂದಾದ ಮೇಲೊಂದು, ಬೀದಿಯುದ್ದಕ್ಕೂ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗಣತಿಯವಳಿಗೆ ಏನೂ ಗೊತ್ತಿಲ್ಲ. ಅವಳು ಸಿಟ್ಟಿನಿಂದಲೇ, "ಒಳಗೆ ಇಷ್ಟು ಜನ ಗಂಡಸರು ಮಲಗಿದ್ದಾರಲ್ಲ, ಹುಡುಕೋಕೆ ಇವರನ್ನ ಮೊದಲೇ ಎಬ್ಬಿಸಬಾರದಿತ್ತಾ?" ಎಂದಳು.

ಮೂವತ್ತೊಂದು ಮನೆಯವರು ಎದ್ದು, ಬಟ್ಟೆ ಕೊಡವಿಕೊಂಡು, ತಂತಮ್ಮ ಮನೆಯ ಕಡೆ ಬೇಗ ಬೇಗ ನಡೆದರು. ಎಣ್ಣೆ ಅಜ್ಜಿ ಗುಬ್ಬಿಯನ್ನು ಪಕ್ಕದ ಮನೆಯ ಸೊಸೆಯ ಕೈಗೆ ಕೊಟ್ಟು, ನೀರು ಕುಡಿಸು, ಈಗ ಬಂದೆ ಎಂದಳು.

ಮನೆಯೊಳಗೆ ತಂಪಾಗಿತ್ತು. ಹಿಂದಿನ ಕೋಣೆಯ ಬಾಗಿಲು ಅವಳು ಎಳೆದುಕೊಂಡ ಹಾಗೆ ಇರಲಿಲ್ಲ, ಒಂದು ಗೇಣು ತೆರೆದಿತ್ತು. ಅವಳು ತಳ್ಳಿದಳು. ಕಪ್ಪು ಬಟ್ಟೆಯಿಂದಾಗಿ ಒಳಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಹೊದಿಕೆ ಕಾಲಿನ ಕಡೆಗೆ ಸರಿದಿತ್ತು. ಮಂಚದ ಅಂಚು, ಅಲ್ಲಿ ಯಾರೋ ಕೂತಿದ್ದಾರೆ ಎನ್ನುವಷ್ಟು ಬಗ್ಗಿತ್ತು. ಬೆವರು ಮತ್ತು ಕುಲುಮೆಯ ಹೊಗೆ ಸೇರಿದ ವಾಸನೆ ಬಂತು. ಆ ವಾಸನೆ ಅವಳಿಗೆ ಮರೆತೇಹೋಗಿತ್ತು.

ಅವಳಿಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಬೇಕು. ಓಡಿಹೋಗಬೇಕು ಅನ್ನಿಸಿತು. ಆದರೆ ಅದಕ್ಕಿಂತ ದೊಡ್ಡ ಹೆದರಿಕೆಯನ್ನು ಅವಳು ಇಪ್ಪತ್ತೆರಡು ವರ್ಷ ಪಕ್ಕದಲ್ಲಿಟ್ಟುಕೊಂಡೇ ಮಲಗಿದ್ದವಳು. ಹೊಸ್ತಿಲ ಮೇಲೆ ನಿಂತಳು.

"ರೀ," ಎಂದಳು. ಪಿಸುಗುಟ್ಟಲಿಲ್ಲ, ಗಂಡನ ಹತ್ತಿರ ಮಾತಾಡುವ ಹಾಗೇ ಮಾತಾಡಿದಳು. "ನಿದ್ದೆ ಕೆಡಿಸಿಬಿಟ್ಟೆ. ಅವತ್ತೂ ನಾನೇ ಕೆಡಿಸಿದ್ದು. ಅವತ್ತು ಸುಮ್ಮಸುಮ್ಮನೆ, ಹಾಲು ಚೆಲ್ಲಿದ್ದಕ್ಕೆ. ಇವತ್ತು ಮಗು ಸಾಯ್ತಿತ್ತು, ಅದಕ್ಕೇ ಕೂಗಿದೆ. ನಿಮ್ಮ ಮೊಮ್ಮಗಳು, ಉಳೀತು."

ಒಳಗಿನಿಂದ ಯಾವ ಸದ್ದೂ ಇಲ್ಲ. ಯಾರೋ ಕೇಳಿಸಿಕೊಳ್ಳುತ್ತಿರುವಾಗ ಇರುವ ಸುಮ್ಮನಿರುವಿಕೆ.

"ಇವತ್ತು ಕೆಲಸಕ್ಕೆ ಹೋಗಬೇಡಿ" ಎಂದಳು. "ಯಾರು ಏನಾದ್ರೂ ಅಂದುಕೊಳ್ಳಲಿ. ನಾನು ಹೇಳ್ತಿದ್ದೀನಿ, ಹೋಗಬೇಡಿ."

ಆಮೇಲೆ ಮಂಚ ಒಮ್ಮೆ ಕಿರುಗುಟ್ಟಿತು, ಎದ್ದು ಕೂತಿದ್ದವರು ಮತ್ತೆ ಒರಗಿಕೊಂಡ ಹಾಗೆ, ಮತ್ತು ದಿಂಬು ಮೆಲ್ಲಗೆ ತಗ್ಗಿತು.